ಇಲಿದಾರಿ

ಕಾಲು ನೆಲಕ್ಕೂರಿ ಬೈಕಿನ ಮೇಲೆ ಕೂತೇ ಹರ್ಜಿತೊ ಜೇಬಿನಲ್ಲಿ ಗುಂಯ್‌ಗುಟ್ಟಿದ ಮೊಬೈಲನ್ನು ತೆಗೆದು ನೋಡಿದ. "ಇಲಿರಾಯ ಬೋನಿಗೆ ಬಿದ್ದನೋ ಹೇಗೆ?" ಎಂದು ಗೆಳೆಯ ನುಗ್ರೊ ಬರೆದಿದ್ದ. ಕೆಳಗೆ ಇನ್ನೊಂದು ಸಾಲು: "ತಡವಾಗಿ ಬಂದೋರು ಎಲ್ಲರ ಗ್ಲಾಸು ತೊಳೀಬೇಕು. ನಿಯಮ ನೆನಪಿದೆ ತಾನೆ?" ಮುಂದೆ ಬಸ್ಸು, ಎಡಕ್ಕೆ ಲಾರಿ, ಬಲಕ್ಕೆ ರಿಬ್ಬನ್ನು ಕಟ್ಟಿಕೊಂಡ ಮದುವೆಯ ಕಾರು. ಅದರೊಳಗೆ ಮದುಮಗಳು ಆಮಂತ್ರಣಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದಳು. ಶನಿವಾರ ಮಧ್ಯಾಹ್ನದ ಜಕಾರ್ತಾದಲ್ಲಿ ಇದೇನು ಹೊಸದಲ್ಲ. ಹರ್ಜಿತೊನಿಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಊರಿಗೆಲ್ಲ ದಾರಿ ಹೇಳಿಕೊಡುವ ಮಹಾನುಭಾವ ತಾನೇ ನಡುದಾರಿಯಲ್ಲಿ ನಿಂತಿದ್ದ.

ಊರಿಗೆಲ್ಲ ದಾರಿ ಹೇಳುವವನು ಎಂದದ್ದು ಬಾಯಿಮಾತಿಗಲ್ಲ. ಬೈಕಿನ ಬಿಡಿಭಾಗ ಮಾರುವ ಕಂಪನಿಯ ಪರವಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವುದು ಅವನ ಕೆಲಸ. ದೊಡ್ಡ ರಸ್ತೆಗಳು ಕಟ್ಟಿಕೊಂಡಾಗ ಮನೆಗಳ ನಡುವಿನ ಓಣಿ, ಕಾಲುವೆಯ ದಂಡೆ, ಸ್ಮಶಾನದ ಬೇಲಿಯ ಪಕ್ಕದ ಸಂದಿ, ಹೀಗೆ ಎಲ್ಲೆಲ್ಲೋ ನುಸುಳಿ ಅವನು ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟುತ್ತಿದ್ದ. ಇಂಥ ಒಳದಾರಿಗಳಿಗೆ ಊರಿನವರು ಇಟ್ಟ ಹೆಸರು ಇಲಿದಾರಿ. ಹರ್ಜಿತೊ ಅವನ್ನು ಒಂದೊಂದಾಗಿ ಬ್ಲಾಗಿನಲ್ಲಿ ಬರೆಯತೊಡಗಿದ; ಓದುಗರು ಅವನಿಗೆ ಇಲಿರಾಯ ಎಂದು ಪಟ್ಟ ಕಟ್ಟಿದರು. ಕಂಪನಿಯಲ್ಲಿ ಮ್ಯಾನೇಜರು ಅವನ ಹೆಸರನ್ನು ಇವತ್ತಿಗೂ ಸರಿಯಾಗಿ ಹೇಳುತ್ತಿರಲಿಲ್ಲ. ಬ್ಲಾಗಿನಲ್ಲಿ ಮಾತ್ರ, "ಇಲಿರಾಯರೇ, ನಿಮ್ಮ ದಯದಿಂದ ಮಗಳು ಪರೀಕ್ಷೆಗೆ ಸಮಯಕ್ಕೆ ಮುಟ್ಟಿದಳು" ಎಂದು ಯಾರೋ ಗುರುತಿಲ್ಲದವರು ಬರೆಯುತ್ತಿದ್ದರು. ಆ ಒಂದು ಸಾಲನ್ನು ಓದಿದ ದಿನ ಅವನು ತಟ್ಟೆಯ ಅನ್ನ ಆರುವುದನ್ನೂ ಮರೆತು ಹಿಗ್ಗಿದ್ದ. ಬದುಕಿನಲ್ಲಿ ತಾನು ಯಾರಿಗಾದರೂ ಯಾರೋ ಆಗಿದ್ದರೆ ಅದು ಅಲ್ಲಿ ಮಾತ್ರ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇವತ್ತು ಗೆಳೆಯರ ಕೊಪ್ದಾರ್. ಕಂಪ್ಯೂಟರಿನಲ್ಲಿ ಜಗಳವಾಡಿ, ನಗಿಸಿ, ಸಮಾಧಾನ ಹೇಳಿಕೊಂಡ ಬ್ಲಾಗಿಗರು ಒಂದು ಕಡೆ ಸೇರಿ ಮುಖ ಮುಖ ನೋಡಿಕೊಂಡು ತಿಂದು ಹರಟುವ ದಿನ. ಯಾವಾಗಲೂ ಮಾಲ್‌ನಲ್ಲೋ ಕಾಫಿ ಅಂಗಡಿಯಲ್ಲೋ ನಡೆಯುತ್ತಿದ್ದದ್ದು ಈ ಸಲ ಬು ವೆನಿಂಗ್ ಅವರ ಮನೆಯಲ್ಲಿ. ವೆನಿಂಗ್ ನಿವೃತ್ತ ಶಾಲಾ ಟೀಚರು. ಹಿರಿಯರೆಂದು ಎಲ್ಲರೂ ಹೆಸರಿಗೆ ಮೊದಲು ಬು ಸೇರಿಸಿಯೇ ಕರೆಯುತ್ತಿದ್ದರು. ತಮ್ಮ ಮನೆಯ ಜಗಲಿಯಲ್ಲಿ ಕೂತರೆ ಕಾಣುವ ಓಣಿಯ ಸಂಗತಿಗಳನ್ನಷ್ಟೇ ಅವರು ಬರೆಯುವುದು. ಸಂಜೆ ಕರೆಂಟು ಕಂಬಕ್ಕೂ ತಮ್ಮ ಕಿಟಕಿಯ ಸರಳಿಗೂ ಬಲೆ ಕಟ್ಟಿ ಓಣಿಯವರು ಬ್ಯಾಡ್ಮಿಂಟನ್ ಆಡುವುದು, ಸೋತವರ ಮೂಗಿಗೆ ಮಸಿ ಬಳಿಯುವುದು, ಇಂಥವು. ಹರ್ಜಿತೊ ಏನು ಬರೆದರೂ ಮೊದಲ ಮೆಚ್ಚುಗೆ ಅವರದೇ. ಮಾಲ್‌ಗಳ ಕೂಟಕ್ಕೆ ಅವರು ಬರುತ್ತಿರಲಿಲ್ಲ, ಹಾಗಾಗಿ ಇಬ್ಬರೂ ಇದುವರೆಗೆ ಒಬ್ಬರನ್ನೊಬ್ಬರು ಕಂಡವರಲ್ಲ.

ವಿಳಾಸದಲ್ಲಿ ಕೆನಾಂಗ ಓಣಿ ಎಂದಿತ್ತು. ಓಣಿಗಳ ಹೆಸರು ಓದುವ ಅಭ್ಯಾಸ ಹರ್ಜಿತೊನಿಗೆ ಇರಲಿಲ್ಲ. ಬೈಕಿನ ಮೇಲಿಂದ ಕಂಡದ್ದೇ ಅವನ ಗುರುತು. ಆ ಕಡೆಗೆ ಹೋಗಲು ಹಸಿರು ಮಸೀದಿಯ ಹಿಂದಿನ ಇಲಿದಾರಿ ಹಿಡಿದರೆ ಸಾಕೆಂದು ಲೆಕ್ಕ ಹಾಕಿ, ಫುಟ್‌ಪಾತಿನ ಮೇಲೆ ಬೈಕು ಹತ್ತಿಸಿ, ಬೈಗುಳ ತಿಂದು, ಹೇಗೋ ಮಸೀದಿಯ ಪಕ್ಕಕ್ಕೆ ನುಸುಳಿದ.

ಒಳಗೆ ಹೋದರೆ ಅಲ್ಲೂ ಸಾಲು. ಬೈಕುಗಳ ಸಾಲಲ್ಲ, ಕಾರುಗಳ ಸಾಲು. ಎದುರುಬದುರಾಗಿ ಬಂದ ಎರಡು ಕಾರುಗಳು ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ಹೆಂಗಸೊಬ್ಬಳು ಮೋಟುಗೋಡೆಯ ಮೇಲೆ ಒಣಗಲಿಟ್ಟ ಮೆಣಸಿನಕಾಯಿಯ ಮೊರವನ್ನು ಎತ್ತಿಕೊಂಡು ಬಾಗಿಲಿಗೆ ಒರಗಿದ್ದಳು. ಲುಂಗಿಯ ಗಂಡಸೊಬ್ಬ ಸೀಟಿ ಊದುತ್ತ, ಒಂದು ಕಾರಿನ ಬಾನೆಟ್ಟಿಗೆ ಅಂಗೈಯಿಂದ ಬಡಿಯುತ್ತ ಹಿಂದೆ ಹೋಗೆಂದು ಕಿರುಚುತ್ತಿದ್ದ. "ಇಂಥ ಸಂದೀಲಿ ಕಾರು ತರೋಕೆ ಈ ಪೆದ್ದುಗಳಿಗೆ ಹೇಳಿದ್ಯಾರು?" ಎಂದು ಹರ್ಜಿತೊ ಗೊಣಗಿದ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಗೋಡೆಗೆ ಒತ್ತಿಕೊಂಡು ಬೈಕು ತಳ್ಳುತ್ತ ಮೊರದ ಹೆಂಗಸನ್ನು ಕೇಳಿದ: "ಅಕ್ಕಾ, ಕೆನಾಂಗ ಓಣಿ ಯಾವ ಕಡೆ?"

"ನೀವು ನಿಂತಿರೋದೇ ಅದರಲ್ಲಿ ಕಣ್ರೀ," ಎಂದಳು ಅವಳು, ಅವನ ಕಡೆ ನೋಡದೆ.

ಹರ್ಜಿತೊ ಬೈಕು ತಳ್ಳುವುದನ್ನು ನಿಲ್ಲಿಸಿದ. ಹೋದ ವರ್ಷ ಈ ದಾರಿಯ ಬಗ್ಗೆ ಬರೆದಾಗ ಯಾರೋ ಕೆಳಗೆ ಪ್ರಶ್ನೆ ಹಾಕಿದ್ದರು: ಕಾರು ಹಿಡಿಸುತ್ತಾ? ಅವನು ಹಾಸಿಗೆಯಲ್ಲಿ ಮಲಗಿಕೊಂಡೇ ಉತ್ತರ ಕುಟ್ಟಿದ್ದ: ಕನ್ನಡಿ ಮಡಚಿಕೊಂಡರೆ ಧಾರಾಳವಾಗಿ ಹಿಡಿಸುತ್ತದೆ. ಅವನು ಅಲ್ಲಿಗೆ ಕಾರು ತಂದವನಲ್ಲ. ಕಾರು ಓಡಿಸಲು ಬರುವವನೂ ಅಲ್ಲ. ಆದರೆ ಗೊತ್ತಿಲ್ಲ ಎಂದು ಬರೆಯಲು ಇಲಿರಾಯನಿಗೆ ಮನಸ್ಸು ಬಂದಿರಲಿಲ್ಲ.

ಬು ವೆನಿಂಗ್ ಅವರ ಮನೆಯ ಜಗಲಿ ಖಾಲಿಯಾಗಿತ್ತು. ಬಿದಿರಿನ ಎರಡು ಕುರ್ಚಿಗಳನ್ನು ಮಡಚಿ ಮೂಲೆಗೆ ಒರಗಿಸಿದ್ದರು. ಗೆಳೆಯರೆಲ್ಲ ಹಿತ್ತಲಿನ ಕಡೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಹತ್ತು ಹನ್ನೆರಡು ಜನ, ನಡುವೆ ಬಾಳೆಲೆಯಲ್ಲಿ ಬೇಯಿಸಿದ ಲೊಂತೊಂಗ್ ಅನ್ನ, ಕಡಲೆಕಾಯಿ ಗೊಜ್ಜು, ತರಕಾರಿ ಹಾಕಿ ಕರಿದ ಬಿಸಿಬಿಸಿ ಬಕ್ವಾನ್.

"ಬಂದ್ನಪ್ಪಾ ಮೂಷಿಕ ಮಹಾರಾಜ!" ಎಂದು ನುಗ್ರೊ ಕೂಗಿದ. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುವ ನುಗ್ರೊನೇ ಈ ಗುಂಪಿನ ಡೋಲು ತಮಟೆ ಎಲ್ಲ. "ಯಾಕೋ, ನಿನ್ನ ಬ್ಲಾಗನ್ನೇ ನೀನು ಓದಲ್ವಾ?"

ಎಲ್ಲರೂ ಹೋ ಎಂದು ನಕ್ಕರು. ಕುಳ್ಳಗೆ ಬೆಳ್ಳಗೆ, ತಲೆಗೆ ಹೂವಿನ ವಸ್ತ್ರ ಕಟ್ಟಿಕೊಂಡ ಹೆಂಗಸು ಅಡುಗೆಮನೆಯಿಂದ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ಸಣ್ಣಗಿದೀಯಾ! ಬರವಣಿಗೆ ನೋಡಿ ನಾನು ದಪ್ಪ ಮೀಸೆಯ ಭಾರಿ ಆಳು ಅಂದ್ಕೊಂಡಿದ್ದೆ. ಕೂತ್ಕೋ, ಮೊದಲು ತಿನ್ನು." ಬು ವೆನಿಂಗ್ ಅವರ ಕೈ ಬಕ್ವಾನಿನ ಎಣ್ಣೆಯಿಂದ ಬೆಚ್ಚಗಿತ್ತು. ಹರ್ಜಿತೊ ಹಲ್ಲು ಕಿರಿದ.

ನುಗ್ರೊ ಚಪ್ಪಾಳೆ ತಟ್ಟಿ ಎಲ್ಲರ ಗಮನ ಸೆಳೆದ. ಪರಿಚಯದ ಪ್ರಕಾಶಕರೊಬ್ಬರು ಸಿಕ್ಕಿದ್ದಾರಂತೆ. ಜಕಾರ್ತಾದ ಟ್ರಾಫಿಕ್ಕಿಗೆ ಸರಕಾರ ಹುಡುಕದ ಪರಿಹಾರವನ್ನು ಒಬ್ಬ ಸಾಮಾನ್ಯ ಮನುಷ್ಯ ಹುಡುಕಿದ್ದಾನೆ ಎಂದು ಅವರಿಗೆ ಭಾರಿ ಮೆಚ್ಚುಗೆಯಂತೆ. "ಇಲಿರಾಯನ ದಾರಿಗಳೆಲ್ಲ ಒಂದು ಪುಸ್ತಕ! ನಕ್ಷೆ ಸಮೇತ! ಪ್ರತಿ ಕಾರಿನಲ್ಲೂ ಒಂದು ಇರ್ಬೇಕು ಅಂತಾರೆ. ಏನೋ, ಮಾತೇ ಇಲ್ಲ? ಖುಷಿಗೆ ನಾಲಿಗೆ ಬಿದ್ದೋಯ್ತಾ?"

ಎಲ್ಲರೂ ಚಪ್ಪಾಳೆ ಹೊಡೆದರು. ನಿನ್ನೆ ಈ ಮಾತು ಕೇಳಿದ್ದರೆ ಹರ್ಜಿತೊ ಕುಣಿದಾಡುತ್ತಿದ್ದ. ಈಗಲೂ ಒಳಗೊಳಗೇ ಕುಣಿದನೆನ್ನಿ. ಆಸೆ ಅಷ್ಟು ಬೇಗ ಸಾಯುವುದಿಲ್ಲ. ಮುಖಪುಟದ ಮೇಲೆ ತನ್ನ ಹೆಸರು, ಮ್ಯಾನೇಜರಿನ ಮೇಜಿನ ಮೇಲೆ ಒಂದು ಪ್ರತಿ. ಅದನ್ನು ಅವನು ಪೂರ್ತಿ ಕಲ್ಪಿಸಿಕೊಳ್ಳುವುದರೊಳಗೆ ಹೊರಗೆ ಹಾರ್ನು ಹೊಡೆದುಕೊಂಡಿತು, ಹಿಂದೆಯೇ ಸೀಟಿಯ ಸದ್ದು. ಸ್ವಲ್ಪ ಹೊತ್ತಿಗೆ ಲುಂಗಿಯ ಗಂಡಸು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. ಓಣಿಯ ಮುಖ್ಯಸ್ಥ ಹಾಜಿ ಸನುಸಿ.

"ಬು, ಅತಿಥಿಗಳಿದಾರೆ, ಕ್ಷಮಿಸಿ. ನಾಳೆ ಬೆಳಿಗ್ಗೆ ಶ್ರಮದಾನ. ನಿಮ್ಮ ಮನೆ ಮುಂದೇನೇ ಪೊಲೀಸನ್ನ ಮಲಗಿಸ್ತೀವಿ. ಸಿಮೆಂಟು, ಮರಳು ಬಂದಿದೆ. ಪುಣ್ಯಾತ್ಮ ಯಾರೋ ಕಂಪ್ಯೂಟರಲ್ಲಿ ಬರೆದು ಹಾಕಿದಾನಂತೆ, ಕನ್ನಡಿ ಮಡಚಿದ್ರೆ ಇಲ್ಲಿ ಕಾರು ಹೋಗುತ್ತೆ ಅಂತ. ಆ ಬೇವರ್ಸಿ ಕೈಗೆ ಸಿಕ್ಕಿದ್ರೆ ಅವನನ್ನೇ ಅಡ್ಡಡ್ಡ ಮಲಗಿಸಿಬಿಡ್ತಿದ್ದೆ, ಸಿಮೆಂಟಾದ್ರೂ ಉಳೀತಿತ್ತು."

ಯಾರೂ ನಗಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಆ ಸಾಲನ್ನು ಓದಿದವರೇ, ಕೆಳಗೆ ಭೇಷ್ ಎಂದು ಬರೆದವರೇ. ಊರಿನವರು ಮಲಗಿದ ಪೊಲೀಸ ಎಂದು ಕರೆಯುವ ಸಿಮೆಂಟಿನ ಹಂಪನ್ನು ಓಣಿಗಳಲ್ಲಿ ಹಾಕುವವರನ್ನು ಗೇಲಿ ಮಾಡಿ, ಗಲ್ಲಿಗೊಬ್ಬ ಪೊಲೀಸನನ್ನು ಮಲಗಿಸಿದರೆ ಊರು ಏಳುವುದು ಯಾವಾಗ ಎಂದು ಇಲಿರಾಯ ಬರೆದಾಗ ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಈಗ ಎಲ್ಲರಿಗೂ ತಮ್ಮ ತಮ್ಮ ತಟ್ಟೆಯಲ್ಲಿ ಏನೋ ವಿಶೇಷ ಕಾಣಿಸಿತು. ಹೇಳು, ಈಗ ಹೇಳು ಎಂದು ಹರ್ಜಿತೊನ ಮನಸ್ಸು ಹೇಳಿತು. ಅವನು ಹೇಳಲಿಲ್ಲ.

"ಬಿಸಿ ಇದೆ ಹಾಜಿ, ಬಕ್ವಾನ್ ತಗೊಳ್ಳಿ," ಎಂದರು ಬು ವೆನಿಂಗ್.

ಹಾಜಿ ಎರಡು ಬಕ್ವಾನ್ ಕೈಗೆತ್ತಿಕೊಂಡು, ಎಲ್ಲರಿಗೂ ತಲೆಬಾಗಿ ಹೊರಟುಹೋದ. ನುಗ್ರೊ ಗಂಟಲು ಸರಿಮಾಡಿಕೊಂಡು ಬೆಕ್ಕುಗಳ ಬಗ್ಗೆ ಬರೆಯುವ ಗೆಳತಿಯನ್ನು ಏನೋ ಕೇಳಿದ. ಅವಳು ಅದಕ್ಕೆ ಬೇಕಾದ್ದಕ್ಕಿಂತ ಉದ್ದವಾಗಿ ಉತ್ತರ ಹೇಳಿದಳು. ಕೊಪ್ದಾರ್ ಹೇಗೋ ಮುಂದುವರಿಯಿತು.

ನಿಯಮ ನಿಯಮವೇ. ಊಟವಾದ ಮೇಲೆ ಹರ್ಜಿತೊ ಗ್ಲಾಸುಗಳನ್ನು ಹೊತ್ತುಕೊಂಡು ಅಡುಗೆಮನೆಗೆ ಹೋದ. ಬು ವೆನಿಂಗ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತರು. ನಾಲ್ಕಾರು ಗ್ಲಾಸು ಕೈಯಿಂದ ಕೈಗೆ ದಾಟಿದವು.

"ನಿಮಗೆ ಯಾವಾಗ ಗೊತ್ತಾಯ್ತು, ಬು?"

"ನೀನು ಬರೆದ ದಿನವೇ. ಬೆಳಿಗ್ಗೆ ಎದ್ದ ಕೂಡಲೇ ನಾನು ಓದೋದು ನಿನ್ನನ್ನೇ ಅಲ್ವಾ? ಹಸಿರು ಮಸೀದಿ ಅಂದೆ, ಕೋಳಿಗೂಡು ಅಂದೆ. ಅಯ್ಯೋ ನಮ್ಮ ಓಣಿ ಅಂತ ಖುಷೀನೇ ಆಯ್ತು. ಭೇಷ್ ಅಂತ ಬರೆದೆ ಕೂಡ."

"ಆಮೇಲೆ ಕಾರುಗಳು ಬಂದಾಗ? ಒಂದು ಮಾತು ಹೇಳ್ಬಹುದಿತ್ತಲ್ಲ."

"ಬರೆಯೋಕೆ ಕೂತೆ. ಎಷ್ಟೋ ಸಲ ಕೂತೆ." ಅವರು ಒಂದೇ ಗ್ಲಾಸನ್ನು ಒರೆಸುತ್ತಲೇ ಇದ್ದರು. "ಆ ಬರಹಕ್ಕೆ ಜನ ಮುಗಿಬಿದ್ದಿದ್ದರು. ನಿನ್ನ ಸಂಭ್ರಮ ಸಾಲು ಸಾಲಲ್ಲೂ ಕಾಣೋದು. ಅದನ್ನ ಕೆಡಿಸೋಕೆ ನನಗೆ ಮನಸ್ಸು ಬರ್ಲಿಲ್ಲ. ನೀನೇ ಕೇಳ್ತೀಯ ಅಂದ್ಕೊಂಡೆ. ಬ್ಯಾಡ್ಮಿಂಟನ್ ಬಗ್ಗೆ ಬರೆಯೋದು ಯಾಕೆ ಬಿಟ್ಟಿರಿ ಅಂತ ಒಂದಿನ ಕೇಳ್ತೀಯ ಅಂತ."

ಹರ್ಜಿತೊ ನಲ್ಲಿ ನಿಲ್ಲಿಸಿದ. ಅವರು ಬಿಟ್ಟಿದ್ದರೆಂಬುದೇ ಅವನಿಗೆ ಈಗ ಹೊಳೆದದ್ದು. ಒಂದು ವರ್ಷದಿಂದ ಬು ವೆನಿಂಗ್ ಬರೆಯುತ್ತಿದ್ದದ್ದೆಲ್ಲ ಹಳೆಯ ಕಾಲದ ಸಂಗತಿಗಳೇ.

"ನೇರ ಹೋದರೆ ನೆಲದ ಮೇಲೆ ಯಾರೋ ಬಿಳಿ ಗೆರೆ ಎಳೆದಿದ್ದಾರೆ, ಅದರ ಮೇಲೆ ಹಾದು ಹೋಗಿ ಅಂತ ಬರೆದಿದ್ದೆ ನೀನು. ಗೆರೆ ಕಂಡಿದೆ ನಿನಗೆ. ನನ್ನ ಬ್ಯಾಡ್ಮಿಂಟನ್ ಬರಹದಲ್ಲಿ ಅದೇ ಗೆರೆ ಓದಿದ್ದೀಯ ಕೂಡ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಇದನ್ನ ತೋರಿಸೋಕೇ ನಮ್ಮನ್ನ ಇಲ್ಲಿಗೆ ಕರೆದ್ರಾ?"

"ಥೂ, ನನ್ನನ್ನ ಅಷ್ಟು ಕಿಲಾಡಿ ಮಾಡ್ಬೇಡ ಮಾರಾಯ. ನಿಮಗೆಲ್ಲ ನನ್ನ ಕೈಯಾರೆ ಬಡಿಸ್ಬೇಕು ಅನ್ನಿಸ್ತು, ಕರೆದೆ ಅಷ್ಟೆ."

"ಇವತ್ತೇ ಅಳಿಸಿಹಾಕ್ತೀನಿ, ಬು."

"ಹಾಕು. ಆದ್ರೆ ಜನ ಎಲ್ಲೆಲ್ಲೋ ನಕಲು ಮಾಡ್ಕೊಂಡಿದಾರೆ. ಬೆಳಿಗ್ಗೆ ರೇಡಿಯೋದಲ್ಲೂ ಹೇಳ್ತಾರೆ ಈಗ." ಅವರು ಕೊನೆಯ ಗ್ಲಾಸನ್ನು ಗೂಡಿಗೆ ಇಟ್ಟರು. "ಪುಸ್ತಕ ಬರ್ಲಿ ಬಿಡು. ಮೊದಲ ಪ್ರತಿ ನನಗೇ ಕೊಡ್ಬೇಕು."

ಹೊರಡುವಾಗ ನುಗ್ರೊ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಎಳೆದ. "ತಲೆ ಕೆಡಿಸ್ಕೋಬೇಡ. ಪುಸ್ತಕದಿಂದ ಇದೊಂದು ಓಣಿ ತೆಗೆದುಬಿಟ್ರಾಯ್ತು. ಮಿಕ್ಕಿದ್ದು ಬೇಕಾದಷ್ಟಿದೆ."

"ಮಿಕ್ಕಿದ್ರಲ್ಲೂ ಯಾರೋ ಇದ್ದಾರಲ್ಲ, ನುಗ್ರೊ."

"ಇಷ್ಟೆಲ್ಲ ಯೋಚ್ನೆ ಮಾಡ್ತಾ ಕೂತ್ರೆ ಯಾರೂ ಪುಸ್ತಕ ಬರೆಯಲ್ಲ ಕಣೋ. ಸೋಮವಾರ ಹೇಳು."

ಮನೆಗೆ ಹೋಗಿ ಹರ್ಜಿತೊ ಆ ಬರಹವನ್ನು ಅಳಿಸಿದ. ಗುಂಡಿ ಒತ್ತುವುದು ತೀರಾ ಸುಲಭವಾಗಿತ್ತು, ಅದರಿಂದಲೇ ಅವನಿಗೆ ಸಮಾಧಾನವಾಗಲಿಲ್ಲ. ಉಳಿದ ದಾರಿಗಳನ್ನೂ ಒಂದೊಂದಾಗಿ ತೆರೆದು ಓದಿದ. ಒಗೆದ ಬಟ್ಟೆಯ ತಂತಿಯ ಕೆಳಗೆ ತಲೆ ತಗ್ಗಿಸಿ ಎಂದು ಬರೆದಿದ್ದ. ಗಾಡಿಯ ಮುದುಕಿ ಜಾಗ ಬಿಡದಿದ್ದರೆ ಹಾರ್ನು ಹೊಡೆಯಿರಿ ಎಂದೂ ಬರೆದಿದ್ದ. ಎಲ್ಲವನ್ನೂ ಕಣ್ಣಾರೆ ಕಂಡೇ ಬರೆದದ್ದು.

ಭಾನುವಾರ ಬೆಳಿಗ್ಗೆ ಕೆನಾಂಗ ಓಣಿಗೆ ಬಂದಾಗ ಗಂಡಸರು ಆಗಲೇ ಸಿಮೆಂಟು ಕಲೆಸುತ್ತಿದ್ದರು. ಬು ವೆನಿಂಗ್ ಅವರ ಮನೆಯ ಮುಂದೆ ಓಣಿಗೆ ಅಡ್ಡಲಾಗಿ ಎರಡು ಹಲಗೆ ಇಟ್ಟಿದ್ದರು. ಆಟದಂಕಣದ ಬಿಳಿ ಗೆರೆಗಳು ಟೈರುಗಳಡಿ ಸವೆದು, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಉಳಿದಿದ್ದವು. ನಿನ್ನೆಯ ಅತಿಥಿಯೆಂದು ಗುರುತು ಹಿಡಿದು ಹಾಜಿ ಸನುಸಿ ನಕ್ಕ. "ಬನ್ನಿ ಬನ್ನಿ! ಪೇಟೆಯೋರಿಗೆ ಕರಣೆ ಹಿಡಿಯೋಕೆ ಬರುತ್ತಾ?"

ಹರ್ಜಿತೊ ಒಂದು ಬಾಂಡಲಿ ಮರಳು ಹೊತ್ತು ತಂದು ಸುರಿದ. ಇನ್ನೊಂದು ತಂದ. ಇಷ್ಟು ಮಾಡಿ ಸದ್ದಿಲ್ಲದೆ ಹೋಗಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಅವನಿಗೆ ಬಾರದೆ ಇರಲಿಲ್ಲ. ಅಷ್ಟರಲ್ಲಿ ಬು ವೆನಿಂಗ್ ಚಹಾದ ತಟ್ಟೆ ಹಿಡಿದು ಹೊರಗೆ ಬಂದರು. ಅವನನ್ನು ನೋಡಿ ನಿಂತರು.

"ಹಾಜಿ," ಎಂದ ಹರ್ಜಿತೊ. ದನಿ ಅವನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. "ಕಂಪ್ಯೂಟರಲ್ಲಿ ಬರೆದ ಬೇವರ್ಸಿ ನಾನೇ."

ಗುದ್ದಲಿಗಳು ನಿಂತವು. ಹಾಜಿ ಸನುಸಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕಾರು ಹಿಡಿಸುತ್ತೆ ಅಂತ ಬರೆದ್ರಲ್ಲ, ಕಾರು ತಂದು ನೋಡಿದ್ರಾ?"

"ಇಲ್ಲ. ನನ್ನ ಹತ್ರ ಕಾರೇ ಇಲ್ಲ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಹಾಜಿಗೆ ನಗು ಬರಲಿಲ್ಲ. "ನಮ್ಮಮ್ಮ ಸಂಜೆ ಹೊತ್ತು ಈ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಮೆಲ್ಲೋರು. ಈಗ ಬಾಗಿಲೇ ತೆಗೆಯಲ್ಲ. ಬರೆಯೋಕೆ ಮುಂಚೆ ಒಂದು ಬಾಗಿಲು ತಟ್ಟಿ ಕೇಳಿದ್ರೆ, ಕೂರಿಸಿ ಕಾಫಿ ಕೊಟ್ಟು ಹೇಳ್ತಿದ್ವಿ, ಬೇಡಪ್ಪಾ ಅಂತ. ನಮಗೇನು ಬಾಯಿಲ್ವಾ?"

ಹರ್ಜಿತೊನ ಕಣ್ಣು ತುಂಬಿಕೊಂಡದ್ದನ್ನು ಎಲ್ಲರೂ ನೋಡಿದರು. ಹಾಜಿ ಕೊರಳಿನ ಸೀಟಿಯನ್ನು ತೆಗೆದು ಅವನ ಅಂಗೈಯಲ್ಲಿಟ್ಟ.

"ಸಿಮೆಂಟು ಗಟ್ಟಿಯಾಗೋವರೆಗೆ ಯಾವ ಗಾಡೀನೂ ಒಳಗೆ ಬರಕೂಡದು. ಊರಿಗೆಲ್ಲ ದಾರಿ ತೋರಿಸ್ದೋರಲ್ವಾ, ಹೋಗಿ, ವಾಪಸ್ ಹೋಗೋ ದಾರೀನೂ ತೋರಿಸಿ."

ಓಣಿಯ ಬಾಯಲ್ಲಿ, ಹಸಿರು ಮಸೀದಿಯ ನೆರಳಿನಲ್ಲಿ ಹರ್ಜಿತೊ ನಿಂತ. ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೆಯಲ್ಲಿ ಕಾರುಗಳಿಗೆ ಪ್ರವೇಶವಿಲ್ಲ. ಜನ ಅಲ್ಲಿ ಸೈಕಲ್ ಹೊಡೆಯುತ್ತಾರೆ, ಓಡುತ್ತಾರೆ, ಕಾರುಗಳು ಪಾಪ ಎಲ್ಲಿಗಾದರೂ ಹೋಗಬೇಕಲ್ಲ. ಒಂದಾದ ಮೇಲೊಂದು ಬಂದವು. ಅವನು ಕೈ ಅಡ್ಡ ಹಿಡಿದು, ಸಿಮೆಂಟು ಹಸಿಯಿದೆ, ಕ್ಷಮಿಸಿ ಎಂದು ಹೇಳಿ ಹೇಳಿ ಕಳಿಸಿದ. ಕೆಲವರು ಬೈದರು, ಕೆಲವರು ಬರೀ ಹಾರ್ನು ಹೊಡೆದು ತಿರುಗಿದರು.

ಬೂದುಬಣ್ಣದ ಕಾರೊಂದು ಮಾತ್ರ ಮೂತಿಯನ್ನು ಒಳಗೆ ತೂರಿಸಿಯೇ ಬಿಟ್ಟಿತು. ಕನ್ನಡಿಗಳನ್ನು ಆಗಲೇ ಮಡಚಿಕೊಂಡಿತ್ತು. ಒಳಗೆ ಬಾಟಿಕ್ ಅಂಗಿಯ ಗಂಡಸು, ಪಕ್ಕದಲ್ಲಿ ಹೆಂಡತಿ, ಹಿಂದೆ ಉಡುಗೊರೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡ ವಯಸ್ಸಾದ ತಾಯಿ.

"ಹಿಂದೆ ತಗೊಳ್ಳಿ ಸಾರ್, ಇಲ್ಲಿ ಹೋಗೋಕಾಗಲ್ಲ."

"ಆಗುತ್ತೆ ಕಣ್ರೀ." ಗಂಡಸು ಸೀಟಿನ ಸಂದಿಯಿಂದ ಒಂದು ಹಾಳೆ ತೆಗೆದು ಕಿಟಕಿಯಲ್ಲಿ ಹಿಡಿದ. ಬ್ಲಾಗಿನ ಪುಟವನ್ನು ಮುದ್ರಿಸಿ, ಹರಿಯದ ಹಾಗೆ ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದ. "ನೋಡಿ, ಬರೆದಿದೆ. ಇಲಿರಾಯ ಬರೆದಿರೋದು. ಒಂದು ವರ್ಷದಿಂದ ಇವನ ಮಾತು ನಂಬ್ಕೊಂಡೇ ಓಡಾಡ್ತಿದೀನಿ. ಒಂದು ಸಲನೂ ಕೈ ಕೊಟ್ಟಿಲ್ಲ. ಇಂಥೋರು ನಾಲ್ಕು ಜನ ಇದ್ದಿದ್ರೆ ಈ ಊರು ಉದ್ಧಾರ ಆಗ್ತಿತ್ತು."

ಹರ್ಜಿತೊ ಹಾಳೆಯನ್ನು ನೋಡಿದ. ಇಂಥ ಮಾತನ್ನು ಜನ್ಮದಲ್ಲಿ ಮೊದಲ ಸಲ ಒಬ್ಬರು ಅವನ ಮುಖ ನೋಡಿ ಹೇಳಿದ್ದರು. ಅದು ಎಷ್ಟು ಹಿತವಾಗಿ ಕಿವಿಗೆ ಬಿತ್ತೆಂದರೆ, ಒಂದು ಕ್ಷಣ ಅವನ ಕೈ ತಾನಾಗಿ ಕೆಳಗಿಳಿಯಿತು.

"ಇಲ್ಲಿ ತಪ್ಪು ಬರೆದಿದಾನೆ ಸಾರ್," ಎಂದ.

"ನಿಮಗೇನ್ರೀ ಗೊತ್ತು? ಅವನು ಸುಮ್ಮನೆ ಬರೆಯೋನಲ್ಲ. ಇಲ್ಲಿಗೆ ಬಂದು ನೋಡ್ಕೊಂಡೇ ಬರೆದಿರ್ತಾನೆ."

"ಬಂದಿದ್ದ," ಎಂದ ಹರ್ಜಿತೊ. "ನೋಡ್ಲಿಲ್ಲ."

ಗಂಡಸು ಇನ್ನೇನೋ ಹೇಳಲು ಹೊರಟವನು ಈ ಬಡಕಲು ಮನುಷ್ಯನ ಮುಖ ನೋಡಿ ಸುಮ್ಮನಾದ. ಹಾಳೆಯನ್ನು ಜೋಪಾನವಾಗಿ ಸೀಟಿನ ಸಂದಿಗೆ ಸೇರಿಸಿ ಗೇರು ಬದಲಿಸಿದ. ಹರ್ಜಿತೊ ಕಾರಿನ ಹಿಂದಕ್ಕೆ ಓಡಿ, ರಸ್ತೆಯ ಬೈಕುಗಳನ್ನು ಒಂದು ಕೈಯಿಂದ ತಡೆದು ಇನ್ನೊಂದು ಕೈ ಬೀಸತೊಡಗಿದ. "ಬರ್ಲಿ... ಬರ್ಲಿ... ಸ್ವಲ್ಪ ಎಡಕ್ಕೆ... ಗೋಡೆ ಇದೆ, ನಿಧಾನ... ಬರ್ಲಿ." ಕಾರು ಒಂದೊಂದೇ ಗೇಣು ಹಿಂದೆ ಸರಿದು ಮಸೀದಿಯ ಪಕ್ಕದ ರಸ್ತೆಗೆ ಇಳಿಯಿತು. ಅದು ಬಿಟ್ಟ ಜಾಗದಲ್ಲಿ ಆಗಲೇ ಇನ್ನೊಂದು ಕಾರು ಓಣಿಯ ಕಡೆಗೆ ತಿರುವಿನ ದೀಪ ಮಿನುಗಿಸುತ್ತ ನಿಂತಿತ್ತು. ಹರ್ಜಿತೊ ಬೆವರು ಒರೆಸಿಕೊಂಡು ಅದರ ಮುಂದಕ್ಕೆ ನಡೆದ.